ಪಾಶ್ಚಾತ್ಯ ಸಂಗೀತವನ್ನು ಗುರುತಿಸುವ ಬಗೆ

ಅರಿಯದ ಭಾಷೆಯೊಂದನ್ನು ಮೊದಲ ಸಲ ಕೇಳಿದವನಿಗೆ ಅದು ಬರಿಯ ಸದ್ದಾಗಿ ತೋರುವುದು ಸಹಜ. ನಮ್ಮ ಕನ್ನಡವೂ ಅನ್ಯರ ಕಿವಿಗೆ ಹಾಗೆಯೇ ತೋರುವುದು. ಇದರಿಂದ ಆ ಭಾಷೆಯಲ್ಲಿ ಅರ್ಥವಿಲ್ಲವೆಂದು ಸಿದ್ಧಿಸುವುದಿಲ್ಲ. ಕೇಳಿದವನಿಗೆ ಪರಿಚಯ ಸಾಲದೆಂದು ಮಾತ್ರ ಸಿದ್ಧಿಸುತ್ತದೆ. ಭಾಷೆಯ ವಿಷಯದಲ್ಲಿ ಈ ನ್ಯಾಯವನ್ನು ಎಲ್ಲರೂ ಒಪ್ಪುವರು. ಸಂಗೀತದ ಮಾತು ಬಂದಾಗ ಮಾತ್ರ ಮರೆಯುವರು. ಪಾಶ್ಚಾತ್ಯರ ವಾದ್ಯವೃಂದದ ಧ್ವನಿ ಕಿವಿಗೆ ಬಿದ್ದೊಡನೆಯೇ "ಇದೇನು ಗದ್ದಲ!" ಎಂದುಬಿಡುವ ವಿದ್ವಾಂಸರನ್ನು ನಾನು ಬಹುಮಂದಿ ಬಲ್ಲೆನು. ಅವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ವಾಚಕರ ಮುಂದೆ ಮೊದಲೇ ಒಪ್ಪಿಕೊಳ್ಳುವುದು ಲೇಸು.

ನನ್ನ ಮಗಳೂ ಅಳಿಯಂದಿರೂ ಬೆಂಗಳೂರಿನಲ್ಲಿದ್ದಾರೆ. ಅವರ ಮಗಳಿಗೆ ಈಗ ೯ ವರ್ಷ. ಎರಡು ವರ್ಷಗಳಿಂದ ಪಿಯಾನೋ ಕಲಿಯುತ್ತಿದ್ದಾಳೆ. ಹೋದ ದಸರೆಯ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಅವಳು ಒಂದಾದ ಮೇಲೊಂದರಂತೆ ಮೂರು ಪಾಠಗಳನ್ನು ನುಡಿಸಿ, "ತಾತ, ಈ ಮೂರರಲ್ಲಿ ಯಾವುದು ತುಂಬ ಹಳೇದು, ಹೇಳಿ ನೋಡೋಣ" ಎಂದಳು. ನಾನು ನಕ್ಕು, "ನನಗೆ ಎಲ್ಲಾ ಒಂದೇ ಥರ ಕೇಳಿಸಿತಮ್ಮ" ಎಂದೆನು. ಮಗು ಮರುಮಾತಾಡದೆ ವಾದ್ಯದ ಮುಚ್ಚಳವನ್ನು ಮುಚ್ಚಿ ಎದ್ದುಹೋಯಿತು. ನಾನು ಅಲ್ಲಿದ್ದ ಉಳಿದ ನಾಲ್ಕು ದಿನಗಳಲ್ಲಿ ನನ್ನೆದುರಿಗೆ ಅದನ್ನು ತೆರೆಯಲೇ ಇಲ್ಲ.

ಊರಿಗೆ ಹಿಂದಿರುಗುವಾಗ ರೈಲಿನಲ್ಲಿ ಹಳೆಯ ಪ್ರಸಂಗವೊಂದು ನೆನಪಿಗೆ ಬಂದಿತು. ನಾನು ಸಂಸ್ಕೃತ ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗನೊಬ್ಬನು, "ಸಾರ್, ವಸಂತತಿಲಕ, ಮಾಲಿನಿ ಎರಡೂ ಒಂದೇ ಥರ ಇವೆ" ಎಂದಿದ್ದನು. ಒಂದು ೧೪ ಅಕ್ಷರದ ವೃತ್ತ, ಇನ್ನೊಂದು ೧೫ ಅಕ್ಷರದ್ದು. ಎರಡರ ನಡಿಗೆಯೂ ಬೇರೆ. "ವೃತ್ತಗಳು ಒಂದೇ ಅಲ್ಲ, ನಿನ್ನ ಕಿವಿ ಬಡವಾಗಿದೆ" ಎಂದು ನಾನು ಎಲ್ಲರೆದುರಿಗೆ ಅವನನ್ನು ಗದರಿದ್ದೆನು. ಮೂವತ್ತು ವರ್ಷಗಳ ಮೇಲೆ ಆ ಮಾತು ನನ್ನನ್ನೇ ಹುಡುಕಿಕೊಂಡು ಬಂದಂತಾಯಿತು. ಮನೆಗೆ ಬಂದವನೇ ಚಿಕ್ಕ ವಿದ್ಯಾರ್ಥಿಯಂತೆ ಒಂದು ನೋಟುಬುಕ್ಕನ್ನು ಇಟ್ಟುಕೊಂಡು, ದಿನಕ್ಕೊಂದು ಗಂಟೆಯ ಕಾಲ ಪಾಶ್ಚಾತ್ಯ ಸಂಗೀತವನ್ನು ಕೇಳತೊಡಗಿದೆನು. ಗ್ರಾಮಫೋನಿನ ಕಾಲದಲ್ಲಿ ಸಿರಿವಂತರಿಗೆ ಮಾತ್ರ ಎಟುಕುತ್ತಿದ್ದುದು ಈಗ ಕೈಯೊಳಗಿನ ಫೋನಿನಲ್ಲಿಯೇ ದೊರೆಯುವುದರಿಂದ ಸಾಧನಕ್ಕೇನೂ ಕೊರತೆಯಾಗಲಿಲ್ಲ. ಆರು ತಿಂಗಳ ಈ ಪಾಠದಿಂದ ನನಗೆ ತಿಳಿದುಬಂದುದನ್ನು ನನ್ನಂಥ ಇತರ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇನೆ.

ನಾವು ತಪ್ಪುವುದೆಲ್ಲಿ? ನಮ್ಮ ಸಂಗೀತದಲ್ಲಿ ಆಧಾರಷಡ್ಜವು ಅಚಲವಾಗಿ ನಿಂತಿರುವುದು. ಅದರ ಆಶ್ರಯದಲ್ಲಿ ರಾಗದ ಒಂದೇ ಎಳೆಯು ಗಮಕಗಳಿಂದ ಅರಳುತ್ತ ಹೋಗುವುದು. ಪಿಟೀಲು ಅದನ್ನೇ ನೆರಳಿನಂತೆ ಅನುಸರಿಸುವುದು. ಹೀಗೆ ಒಂದೇ ಎಳೆಯನ್ನು ಹಿಡಿದು ನಡೆಯುವುದು ನಮ್ಮ ಕಿವಿಗೆ ಅಭ್ಯಾಸವಾಗಿದೆ. ಯೂರೋಪಿನವರಲ್ಲಾದರೋ ಸುಮಾರು ಸಾವಿರ ವರ್ಷಗಳಿಂದ ಬೇರೊಂದು ಕುತೂಹಲವು ಬೆಳೆದು ಬಂದಿದೆ. ಎರಡು, ಮೂರು, ನಾಲ್ಕು ಎಳೆಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳಲ್ಲಿ ಸಂಚರಿಸುತ್ತಿದ್ದರೂ ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವುದು ಹೇಗೆ ಎಂಬುದೇ ಆ ಕುತೂಹಲ. ಆದಕಾರಣ ಅಲ್ಲಿ ನಾವು ಕೇಳತಕ್ಕ ಪ್ರಶ್ನೆ "ಇದು ಯಾವ ರಾಗ?" ಎಂಬುದಲ್ಲ, "ಇಲ್ಲಿ ಎಷ್ಟು ಎಳೆಗಳಿವೆ? ಯಾವುದು ಯಾವುದರೊಡನೆ ಹೇಗೆ ನಡೆಯುತ್ತಿದೆ?" ಎಂಬುದು. ಈ ಪ್ರಶ್ನೆಗೆ ಒಂದೊಂದು ಯುಗವೂ ಒಂದೊಂದು ಬಗೆಯ ಉತ್ತರವನ್ನು ಕೊಟ್ಟಿದೆ. ಉತ್ತರವನ್ನು ಗುರುತಿಸಿದರೆ ಯುಗವನ್ನು ಗುರುತಿಸಿದಂತೆಯೇ. ಲಕ್ಷ್ಯವಿಲ್ಲದ ಲಕ್ಷಣವು ನಿಲ್ಲುವುದಿಲ್ಲವಾದ್ದರಿಂದ ಒಂದೊಂದು ಯುಗಕ್ಕೂ ಒಂದೆರಡು ಕೃತಿಗಳನ್ನು ಲಕ್ಷ್ಯವಾಗಿಟ್ಟುಕೊಂಡು ಹೇಳುವೆನು.

ಆದಿಯಲ್ಲಿದ್ದ ಎಳೆ ಒಂದೇ. ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ಲ್ಯಾಟಿನ್ ಪ್ರಾರ್ಥನೆಗಳನ್ನು ವಾದ್ಯದ ನೆರವಿಲ್ಲದೆ, ತಾಳದ ಕಟ್ಟಿಲ್ಲದೆ, ಹಲವರು ಸೇರಿದರೂ ಒಬ್ಬನೇ ಹಾಡಿದಂತೆ ಹಾಡುತ್ತಿದ್ದರು. ಇದಕ್ಕೆ ಗ್ರಿಗೋರಿಯನ್ ಗಾನವೆಂದು ಹೆಸರು. ವೇದಘೋಷವನ್ನು ಕೇಳಿ ಬೆಳೆದವರಿಗೆ ಇದು ಅಷ್ಟೊಂದು ಪರಕೀಯವೆನಿಸದು. ೧೧ನೆಯ ಶತಮಾನದ ಮೊದಲ ಭಾಗದಲ್ಲಿ ಇಟಲಿ ದೇಶದ ಅರೆಟ್ಸೋ ಎಂಬ ಊರಿನ ಗ್ವೀದೊ ಎಂಬ ಸನ್ಯಾಸಿಯು ಗೆರೆಗಳ ಮೇಲೆ ಸ್ವರಗಳನ್ನು ಗುರುತುಮಾಡುವ ಕ್ರಮವನ್ನು ಬೋಧಿಸಿದನು. ಸ್ತೋತ್ರವೊಂದರ ಪಾದಗಳ ಮೊದಲ ಅಕ್ಷರಗಳನ್ನು ತೆಗೆದುಕೊಂಡು "ಉತ್, ರೇ, ಮಿ, ಫಾ, ಸೋಲ್, ಲಾ" ಎಂದು ಸ್ವರಗಳಿಗೆ ಹೆಸರಿಟ್ಟವನೂ ಅವನೇ. ನಮ್ಮ ಮಕ್ಕಳು ಸರಿಗಮ ಹೇಳುವಂತೆ ಅಲ್ಲಿಯ ಮಕ್ಕಳು ಇಂದಿಗೂ ಈ ಅಕ್ಷರಗಳನ್ನು, ಮೊದಲನೆಯದಕ್ಕೆ ಬದಲಾಗಿ "ದೋ" ಎಂದು ಸೇರಿಸಿ, ಹೇಳುತ್ತಾರೆ. ಸ್ವರಗಳು ಬರೆವಣಿಗೆಗೆ ಬಂದುದರಿಂದ ಹಲವು ಎಳೆಗಳನ್ನು ಕಾಗದದ ಮೇಲೆ ಮುಂದಾಗಿಯೇ ಹೊಂದಿಸಿ ನೋಡುವುದು ಸುಲಭವಾಯಿತು.

ಹಾಗೆ ಹೊಂದಿಸುವ ಕಲೆಯು ೧೬ನೆಯ ಶತಮಾನದಲ್ಲಿ ಪರಿಪಾಕಕ್ಕೆ ಬಂದಿತು. ಇದಕ್ಕೆ ಲಕ್ಷ್ಯವಾಗಿ ಇಟಲಿಯ ಪಾಲೆಸ್ಟ್ರೀನನು ರಚಿಸಿದ "ಪೋಪ್ ಮಾರ್ಸೆಲಸನ ಪೂಜಾಗಾನ"ವನ್ನು ಕೇಳಬಹುದು. ಇದು ೧೫೬೭ರಲ್ಲಿ ಅಚ್ಚಾಯಿತು. ಹೆಸರಿಗೆ ಕಾರಣನಾದ ಪೋಪನು ೧೫೫೫ರಲ್ಲಿ ಕೇವಲ ಮೂರು ವಾರಗಳು ಪಟ್ಟದಲ್ಲಿದ್ದು ತೀರಿಕೊಂಡವನು. ಇಲ್ಲಿ ಮುಖ್ಯವಾಗಿ ಆರು ಕಂಠಗಳು. ಒಂದು ಎತ್ತಿಕೊಂಡುದನ್ನು ಇನ್ನೊಂದು ಅನುಸರಿಸುವುದು. ಯಾವುದೂ ಯಜಮಾನನಲ್ಲ, ಯಾವುದೂ ಸೇವಕನಲ್ಲ. ಒಳ್ಳೆಯ ಅವಿಭಕ್ತ ಕುಟುಂಬದಲ್ಲಿ ಎಲ್ಲರೂ ಮಾತಾಡುತ್ತಿದ್ದರೂ ಯಾರ ಮಾತೂ ಕೆಡದಂತಿರುವ ಸ್ಥಿತಿ ಇದು. ವಾದ್ಯವಿಲ್ಲದೆ, ಬಡಿತವಿಲ್ಲದೆ, ಸಮಾನವಾದ ಹಲವು ಕಂಠಗಳು ಅಲೆಅಲೆಯಾಗಿ ಬಂದರೆ ಈ ಯುಗವೆಂದು ಊಹಿಸಬಹುದು.

೧೬೦೦ರ ಸುಮಾರಿನಲ್ಲಿ ಇಟಲಿಯ ಕೆಲವು ರಸಿಕರು ಇದರ ಬಗ್ಗೆ ಆಕ್ಷೇಪವೆತ್ತಿದರು. ಆರು ಮಂದಿ ಒಟ್ಟಿಗೆ ಹಾಡಿದರೆ ಒಬ್ಬ ಮನುಷ್ಯನ ದುಃಖವು ತಿಳಿಯುವುದೆಂತು? ಆದ್ದರಿಂದ ಒಬ್ಬನು ಹಾಡಬೇಕು, ಕೆಳಗೆ ಮಂದ್ರವಾದ್ಯಗಳು ಆಧಾರವನ್ನು ಕೊಡಬೇಕು ಎಂದು ನಿರ್ಧರಿಸಿದರು. ಹೀಗೆ ಆಪೆರಾ ಎಂಬ ಗೀತನಾಟಕವು ಹುಟ್ಟಿತು. ೧೬೦೭ರಲ್ಲಿ ಮಾಂಟುವಾ ನಗರದಲ್ಲಿ ಪ್ರಯೋಗವಾದ ಮಾಂಟೆವರ್ಡಿಯ "ಆರ್ಫಿಯೋ" ಇವುಗಳಲ್ಲಿ ಮೊದಲನೆಯದಲ್ಲದಿದ್ದರೂ ಇಂದಿಗೂ ರಂಗದ ಮೇಲೆ ಉಳಿದಿರುವ ಪ್ರಾಚೀನ ಕೃತಿ. ಹಾವು ಕಚ್ಚಿ ಸತ್ತ ಹೆಂಡತಿಯನ್ನು ಮರಳಿ ತರಲು ಗಾಯಕನೊಬ್ಬನು ಪ್ರೇತಲೋಕಕ್ಕೆ ಇಳಿಯುವ ಕಥೆ ಅದು. ಮಹಾಭಾರತದ ಆದಿಪರ್ವದಲ್ಲಿ ಹಾವು ಕಚ್ಚಿದ ಪ್ರಮದ್ವರೆಗಾಗಿ ರುರುವು ತನ್ನ ಅರ್ಧಾಯುಷ್ಯವನ್ನು ಧಾರೆಯೆರೆದ ಕಥೆಯನ್ನು ಬಲ್ಲವರಿಗೆ ಇದರ ಕರುಣರಸವು ಸುಲಭವಾಗಿ ಹಿಡಿಯುವುದು. ರುರುವಿಗೆ ಹೆಣ್ಣು ದೊರೆತಳು. ಆರ್ಫಿಯೋ ಹಿಂದಿರುಗಿ ನೋಡಿ ಕಳೆದುಕೊಂಡನು.

ಇಲ್ಲಿಂದ ಮುಂದೆ ನೂರೈವತ್ತು ವರ್ಷಗಳ ಕಾಲಕ್ಕೆ ಬರೋಕ್ ಯುಗವೆನ್ನುವರು. ಇದರ ಗುರುತು ಮಂದ್ರದಲ್ಲಿದೆ. ಕೆಳಗಿನ ಸ್ವರವು ದಣಿವಿಲ್ಲದ ಪ್ರಯಾಣಿಕನಂತೆ ಹೆಜ್ಜೆಯಿಡುತ್ತಲೇ ಇರುವುದು. ಜೊತೆಗೆ ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯದ ಕಿಣಿಕಿಣಿ. ಆರಂಭದಲ್ಲಿ ಯಾವ ಭಾವವೋ ಆ ಭಾಗದ ಕೊನೆಯವರೆಗೂ ಹೆಚ್ಚಾಗಿ ಅದೇ ಭಾವ. ಈ ಯುಗದ ಇಬ್ಬರು ಮಹಾಪುರುಷರಾದ ಬಾಖ್ ಮತ್ತು ಹ್ಯಾಂಡೆಲ್ ಇಬ್ಬರೂ ೧೬೮೫ರಲ್ಲಿ ಜರ್ಮನ್ ದೇಶದಲ್ಲಿ ಹುಟ್ಟಿದವರು. ಬಾಖನು ೧೭೨೨ರಲ್ಲಿ ಸಿದ್ಧಪಡಿಸಿದ ೨೪ ಜೋಡಿ ಕೃತಿಗಳ ಸಂಪುಟದಲ್ಲಿ ಪ್ರತಿಯೊಂದು ಜೋಡಿಯ ಎರಡನೆಯದಕ್ಕೆ ಫ್ಯೂಗ್ ಎಂದು ಹೆಸರು. ಮೊದಲು ಒಂದು ಎಳೆ ಒಂಟಿಯಾಗಿ ಪಲ್ಲವಿಯಂಥ ವಾಕ್ಯವೊಂದನ್ನು ಹೇಳುವುದು. ಅದು ಮುಂದುವರಿಯುತ್ತಿರುವಾಗಲೇ ಎರಡನೆಯದು ಅದೇ ವಾಕ್ಯವನ್ನು ಬೇರೆ ಸ್ಥಾಯಿಯಲ್ಲಿ ಎತ್ತಿಕೊಳ್ಳುವುದು, ಬಳಿಕ ಮೂರನೆಯದು. ಆ ವಾಕ್ಯವನ್ನು ಮೊದಲೇ ಮನನ ಮಾಡಿಕೊಂಡರೆ ಅದು ಮೇಲೆ, ಕೆಳಗೆ, ನಡುವೆ ಮುಖ ತೋರಿಸುವುದನ್ನು ಹಿಡಿಯಬಹುದು. ನನಗೆ ಹಲವು ಎಳೆಗಳು ಮೊದಲ ಬಾರಿಗೆ ಬೇರೆ ಬೇರೆಯಾಗಿ ಕೇಳಿಸಿದ್ದು ಇಲ್ಲಿಯೇ. ಅಂದು ನಾನು ಪಟ್ಟ ಸಂತೋಷವು ಬಾಲ್ಯದಲ್ಲಿ ಮೊದಲ ಶ್ಲೋಕಕ್ಕೆ ಸ್ವತಃ ಅನ್ವಯ ಹೇಳಿದ ದಿನದ ಸಂತೋಷಕ್ಕೆ ಸಮಾನವಾಗಿತ್ತು.

ಹ್ಯಾಂಡೆಲನ "ಮೆಸ್ಸಾಯ" ಎಂಬ ಮಹಾಗಾನವು ೧೭೪೨ರ ಏಪ್ರಿಲಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಮೊದಲು ಪ್ರಯೋಗವಾಯಿತು. ಅದರ ಆದಾಯವು ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ಆಸ್ಪತ್ರೆಗಳಿಗೂ ವಿನಿಯೋಗವಾಯಿತು. ಬಾಖನ ಕೀರ್ತಿಗಾದರೋ ಗ್ರಹಣ ಹಿಡಿಯಿತು. ಲೀಪ್ಜಿಗ್ ನಗರದಲ್ಲಿ ಅವನು ೧೭೨೭ರಲ್ಲಿ ಹಾಡಿಸಿದ "ಮ್ಯಾಥ್ಯೂವಿನ ಪ್ರಕಾರ ಕ್ರಿಸ್ತಯಾತನೆ" ಎಂಬ ಗಾನವು ಅವನ ತರುವಾಯ ಮೂಲೆಗೆ ಬಿದ್ದಿತು. ೧೮೨೯ರಲ್ಲಿ ೨೦ ವರ್ಷ ವಯಸ್ಸಿನ ಮೆಂಡೆಲ್ಸನ್ ಎಂಬ ತರುಣನು ಅದನ್ನು ಬರ್ಲಿನ್ನಿನಲ್ಲಿ ಹಾಡಿಸಿ ಲೋಕಕ್ಕೆ ಮರಳಿ ಕೊಟ್ಟನು. ದೊಡ್ಡ ಕೃತಿಯೆಂದು ನಾವು ಇಂದು ಹೇಳುವುದನ್ನು ಅದರ ಕಾಲವು ಗುರುತಿಸದೆ ಇರಬಹುದೆಂಬುದಕ್ಕೆ ಇದು ನಿದರ್ಶನ.

೧೮ನೆಯ ಶತಮಾನದ ಉತ್ತರಾರ್ಧದಲ್ಲಿ ನಡಿಗೆ ಬದಲಾಯಿಸಿತು. ಮೇಲಿನ ಎಳೆಯು ಸ್ಪಷ್ಟವಾಗಿ ಮುಂದಾಯಿತು. ಉಳಿದವು ಅದಕ್ಕೆ ಆಸರೆಯಾದವು. ವಾಕ್ಯಗಳು ಚಿಕ್ಕವು, ಅಳತೆಯುಳ್ಳವು. ಅನುಷ್ಟುಪ್ಪಿನ ಪೂರ್ವಾರ್ಧಕ್ಕೆ ಉತ್ತರಾರ್ಧವು ಕೂಡಿಬರುವಂತೆ ಪ್ರಶ್ನೆಗೆ ಉತ್ತರವು ಬರುವುದು; ನಡುನಡುವೆ ಉಸಿರಾಡಲು ವಿರಾಮವುಂಟು. ಹೈಡನ್ ಮತ್ತು ಮೊಜಾರ್ಟರ ಯುಗವಿದು. ೧೭೯೨ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಸಿದ ಹೈಡನನ ೯೪ನೆಯ ಸಿಂಫೊನಿಯಲ್ಲಿ ಎರಡನೆಯ ಭಾಗವು ಜೋಗುಳದಂತೆ ಮೆಲ್ಲಗೆ ಆರಂಭವಾಗುವುದು. ಅಷ್ಟರಲ್ಲಿ ವೃಂದವೆಲ್ಲವೂ ಕೂಡಿ ಧಡಾರನೆ ಒಂದು ಪೆಟ್ಟು ಹಾಕುವುದು. ಮನೆಯ ಮಕ್ಕಳೊಡನೆ ಕೇಳಲು ಇದಕ್ಕಿಂತ ತಕ್ಕ ಕೃತಿಯಿಲ್ಲ. ಮೊಜಾರ್ಟನು ೧೭೮೮ರ ಒಂದೇ ಬೇಸಗೆಯಲ್ಲಿ ಮೂರು ಸಿಂಫೊನಿಗಳನ್ನು ಮುಗಿಸಿದನು. ಅವುಗಳ ಪೈಕಿ ೪೦ನೆಯದರ ಆರಂಭದಲ್ಲಿ ಪಿಟೀಲುಗಳು ಏದುಸಿರಿನಿಂದ ಏನನ್ನೋ ಹೇಳಲು ಬಂದವರಂತೆ ತವಕಪಡುವುದನ್ನು ಒಮ್ಮೆ ಕೇಳಿದವರು ಮರೆಯಲಾರರು.

ಈ ಅಳತೆಯ ಮನೆಯೊಳಗೆ ಹುಟ್ಟಿ ಅದರ ಗೋಡೆಗಳನ್ನು ಸರಿಸಿದವನು ಬೀಥೋವನ್. ಅವನ ೫ನೆಯ ಸಿಂಫೊನಿ ೧೮೦೮ರ ಡಿಸೆಂಬರ್ ೨೨ರಂದು ವಿಯೆನ್ನಾದಲ್ಲಿ ನಾಲ್ಕು ಗಂಟೆಗಳ ದೀರ್ಘ ಕಚೇರಿಯೊಂದರಲ್ಲಿ ಮೊದಲು ಕೇಳಿಸಿತು. ನಮ್ಮ ಛಂದಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಮೂರು ಲಘು, ಒಂದು ಗುರು, ಇದಿಷ್ಟೇ ಬೀಜ. ಮೊದಲನೆಯ ಭಾಗವೆಲ್ಲವೂ ಈ ನಾಲ್ಕು ಸ್ವರಗಳ ಬೀಜದಿಂದಲೇ ಬೆಳೆಯುವುದು. ಚಿಕ್ಕದೊಂದು ತುಣುಕು ಹೋರಾಡುತ್ತ ಬೆಳೆದು ದೊಡ್ಡದಾಗುವುದೇ ಅವನ ಗುರುತು. ೧೮೨೪ರ ಮೇ ೭ರಂದು ಅವನ ೯ನೆಯ ಸಿಂಫೊನಿ ಪ್ರಯೋಗವಾದಾಗ ಅವನ ಕಿವಿ ಪೂರ್ತಿಯಾಗಿ ಹೋಗಿತ್ತು. ಜನರ ಕರತಾಡನವು ಕೇಳಿಸದೆ ನಿಂತಿದ್ದವನನ್ನು ಗಾಯಕಿಯೊಬ್ಬಳು ಸಭೆಯ ಕಡೆಗೆ ತಿರುಗಿಸಿದಳೆಂದು ಹೇಳುವರು. ಆರೋಗ್ಯವಾದ ಎರಡು ಕಿವಿಗಳಿದ್ದೂ "ಎಲ್ಲಾ ಒಂದೇ ಥರ" ಎಂದಿದ್ದ ನನಗೆ ಈ ವೃತ್ತಾಂತವನ್ನು ಓದಿ ನಾಚಿಕೆಯಾಯಿತು.

ಬಳಿಕ ಬಂದ ರೊಮ್ಯಾಂಟಿಕ್ ಯುಗದಲ್ಲಿ ಅಳತೆಗಿಂತ ಭಾವವು ಹೆಚ್ಚು. ಶೂಬರ್ಟನು ೧೮ನೆಯ ವಯಸ್ಸಿನಲ್ಲಿ, ೧೮೧೫ರಲ್ಲಿ, ಗಯಟೆಯ ಕವಿತೆಗೆ ಕಟ್ಟಿದ "ಎರ್ಲ್‌ಕ್ಯೋನಿಗ್" ಹಾಡನ್ನು ನೋಡಿ. ರಾತ್ರಿಯ ಹೊತ್ತು ತಂದೆಯು ಮಗುವನ್ನು ಅಪ್ಪಿಕೊಂಡು ಕುದುರೆಯ ಮೇಲೆ ಓಡುತ್ತಿರುವನು. ಭೂತವೊಂದು ಮಗುವನ್ನು ಕರೆಯುತ್ತಿರುವುದು. ಪಿಯಾನೋ ಕುದುರೆಯ ಗೊರಸಾಗುವುದು. ಒಬ್ಬನೇ ಗಾಯಕನು ಕಥಕ, ತಂದೆ, ಮಗು, ಭೂತ ಈ ನಾಲ್ವರ ಕಂಠವನ್ನೂ ತಾಳುವನು. ಭಾಷೆ ಬಾರದಿದ್ದರೂ ಎದೆ ನಡುಗುವುದು. ಅರ್ಧ ಶತಮಾನದ ಮೇಲೆ, ೧೮೬೫ರಲ್ಲಿ, ಮ್ಯೂನಿಕ್ಕಿನಲ್ಲಿ ಪ್ರಯೋಗವಾದ ವಾಗ್ನರನ "ಟ್ರಿಸ್ಟಾನ್ ಮತ್ತು ಇಸೋಲ್ಡೆ"ಯ ಆರಂಭದ ಸ್ವರಗುಚ್ಛವು ವಿಶ್ರಾಂತಿಯನ್ನು ಬಯಸುತ್ತದೆ, ಆದರೆ ಪಡೆಯುವುದಿಲ್ಲ. ಹಲವು ಗಂಟೆಗಳ ನಾಟಕವೆಲ್ಲ ಕಳೆದು ಕೊನೆಯ ಗಳಿಗೆಯಲ್ಲಿಯೇ ಅದಕ್ಕೆ ನೆಲೆ ದೊರೆಯುವುದು. ಷಡ್ಜಕ್ಕೆ ಬಂದು ನಿಲ್ಲಲು ಬಿಡದ ಈ ವಿಪ್ರಲಂಭವು ಆ ಯುಗದ ಹೆಗ್ಗುರುತು.

ಅಲ್ಲಿಂದ ಮುಂದೆ ನೆಲೆಯೇ ಸಡಿಲವಾಯಿತು. ೧೮೮೯ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಜಾವಾ ದ್ವೀಪದವರ ಗ್ಯಾಮೆಲಾನ್ ವಾದ್ಯಮೇಳವನ್ನು ಕೇಳಿ ಮೆಚ್ಚಿದವನು ಡೆಬುಸ್ಸಿ. ೧೮೯೪ರಲ್ಲಿ ಕೇಳಿಸಿದ ಅವನ "ವನದೇವತೆಯ ಅಪರಾಹ್ನಕ್ಕೆ ಪ್ರಸ್ತಾವನೆ"ಯಲ್ಲಿ ಕೊಳಲೊಂದು ಒಂಟಿಯಾಗಿ ಆರಂಭಿಸುವುದು. ವಾಕ್ಯವಿಲ್ಲ, ವಾದವಿಲ್ಲ, ಬಣ್ಣಗಳು ನೀರಿನಲ್ಲಿ ಕದಡುವಂತೆ ಧ್ವನಿಗಳು ಕದಡುವುವು. ೧೯೧೩ರ ಮೇ ೨೯ರಂದು ಅದೇ ಪ್ಯಾರಿಸಿನಲ್ಲಿ ಸ್ಟ್ರಾವಿನ್ಸ್ಕಿಯ "ವಸಂತೋತ್ಸವ"ದ ನೃತ್ಯವಾದಾಗ ಸಭೆಯಲ್ಲಿ ಕೂಗಾಟವೇ ನಡೆಯಿತು. ಅಲ್ಲಿ ಲಯವೇ ಯಜಮಾನ. ಅನಿರೀಕ್ಷಿತ ಸ್ಥಾನಗಳಲ್ಲಿ ಬೀಳುವ ಆ ಪೆಟ್ಟುಗಳಿಗೆ ಅಂದಿನ ಪ್ಯಾರಿಸ್ ಬೆದರಿತು. ತನಿ ಆವರ್ತನವನ್ನು ಕೇಳಿ ಪಳಗಿದ ನಮ್ಮವರು ಅಷ್ಟಾಗಿ ಬೆದರಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತೂ ಅವಶ್ಯ. ಲಕ್ಷಣದಿಂದ ಕಾಲವನ್ನು ಊಹಿಸುವವನು ಕೆಲವೊಮ್ಮೆ ಮೋಸಹೋಗುವನು. ಇದಕ್ಕೆ ಉದಾಹರಣೆಯಾದ ಕೃತಿಯು ನಮ್ಮ ನಾಡಿಗೂ ಸಂಬಂಧಪಟ್ಟುದೆಂಬುದು ಸಂತೋಷದ ವಿಷಯ. ಜರ್ಮನಿಯ ರಿಚರ್ಡ್ ಸ್ಟ್ರಾಸನು ತನ್ನ ೮೪ನೆಯ ವಯಸ್ಸಿನಲ್ಲಿ, ೧೯೪೮ರಲ್ಲಿ, ಸ್ವರ ಹಾಕಿದ ನಾಲ್ಕು ಹಾಡುಗಳು "ನಾಲ್ಕು ಕೊನೆಯ ಗೀತೆಗಳು" ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಸ್ಟ್ರಾವಿನ್ಸ್ಕಿಯ ಕೃತಿಗಿಂತ ೩೫ ವರ್ಷ ಈಚಿನವಾದರೂ ಇವು ಕಿವಿಗೆ ಹಿಂದಿನ ಶತಮಾನದವೆನಿಸುವುವು. ೧೯೪೯ರಲ್ಲಿ ಸ್ಟ್ರಾಸನು ತೀರಿಕೊಂಡನು. ೧೯೫೦ರ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಇವು ಮೊದಲು ಕೇಳಿಸಿದವು. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದನಾಯಕನು ಫುರ್ಟ್‌ವೆಂಗ್ಲರ್, ವೃಂದವು ಫಿಲ್ಹಾರ್ಮೋನಿಯಾ. ಆ ಕಚೇರಿಗೆ ಹಣದ ಬೆಂಬಲವಿತ್ತವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. ರಷ್ಯದ ಮೆಟ್ನರನ ಕೃತಿಗಳು ಅವನ ವೃದ್ಧಾಪ್ಯದಲ್ಲಿ ಧ್ವನಿಮುದ್ರಣವಾಗುವಂತೆ ಮಾಡಿದವರೂ ಅವರೇ. ಅವನು ತನ್ನ ೩ನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದ್ದಾನೆ. ಇದೇ ಒಡೆಯರು ಕರ್ಣಾಟಕ ಸಂಗೀತದಲ್ಲಿ ೯೦ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಎರಡು ಸಂಗೀತಗಳು ಒಂದೇ ಹೃದಯದಲ್ಲಿ ಒಂದನ್ನೊಂದು ತಳ್ಳದೆ ಇರಬಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ಆ ನಾಲ್ಕು ಹಾಡುಗಳಲ್ಲಿ ಕೊನೆಯಲ್ಲಿ ಹಾಡುವ ರೂಢಿಯಿರುವ ಹಾಡು ಸಂಜೆಯದು. ಸುಖದುಃಖಗಳಲ್ಲಿ ಕೈಹಿಡಿದು ನಡೆದ ವೃದ್ಧ ದಂಪತಿಗಳು ಸೂರ್ಯಾಸ್ತವನ್ನು ನೋಡುತ್ತ ನಿಂತಿರುವರು. ಎರಡು ಹಕ್ಕಿಗಳು ಮೇಲಕ್ಕೆ ಹಾರುವುವು, ಕೊಳಲುಗಳು ಅವುಗಳಂತೆ ಉಲಿಯುವುವು. ನಾನೂ ನನ್ನ ಮನೆಯವರೂ ಇದನ್ನು ಒಂದು ಸಂಜೆ ಜಗಲಿಯಲ್ಲಿ ಕುಳಿತು ಕೇಳಿದೆವು. ಮುಗಿದ ಮೇಲೆ ಆಕೆಯು, "ಇನ್ನೊಂದು ಸಲ ಹಾಕಿ" ಎಂದಷ್ಟೇ ಹೇಳಿದಳು.

ಹೊಸದಾಗಿ ಕೇಳತೊಡಗುವವರಿಗೆ ನನ್ನ ಸಲಹೆ ಇಷ್ಟೆ: ಹತ್ತು ಕೃತಿಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಒಂದನ್ನೇ ಮೂರು ಸಲ ಕೇಳಿರಿ. ಮೊದಲ ಸಲ ಮೇಲಿನ ಎಳೆಯನ್ನು ಹಿಡಿಯಿರಿ. ಎರಡನೆಯ ಸಲ ಅದನ್ನು ಬಿಟ್ಟು ಮಂದ್ರವನ್ನೇ ಹಿಂಬಾಲಿಸಿರಿ. ಮೂರನೆಯ ಸಲ ಎರಡನ್ನೂ ಒಟ್ಟಿಗೆ ಕೇಳಿರಿ.

ಏಪ್ರಿಲ್ ತಿಂಗಳಲ್ಲಿ ಮತ್ತೆ ಬೆಂಗಳೂರಿಗೆ ಹೋದೆನು. "ಮಗು, ಆವತ್ತಿನ ಮೂರನ್ನೂ ಇನ್ನೊಂದು ಸಲ ನುಡಿಸ್ತೀಯಾ?" ಎಂದು ಕೇಳಿದೆನು. ಅವಳು ಸ್ವಲ್ಪ ಅನುಮಾನದಿಂದಲೇ ಮುಚ್ಚಳವನ್ನು ತೆರೆದಳು. ಮುಗಿದ ಮೇಲೆ ಪರೀಕ್ಷೆಗೆ ನಿಂತ ಹುಡುಗನಂತೆ ಉತ್ತರ ಹೇಳಿದೆನು: "ಎರಡನೆಯದು ಅಳತೆಯ ಮಾತಿನದು, ಮೊಜಾರ್ಟನದಿರಬೇಕು. ಮೂರನೆಯದು ಭಾವದ ಕಾಲದ್ದು. ಮೊದಲನೆಯದೇ ಎಲ್ಲಕ್ಕಿಂತ ಹಳೆಯದು, ಅದು ಬಾಖನದು."

"ಹಳೇದು ಅನ್ನೋದು ಸರಿ ತಾತ. ಮೂರನೇದು ಶೂಮನ್ ತನ್ನ ಮಕ್ಕಳಿಗೆ ಬರೆದದ್ದು. ಆದರೆ ಮೊದಲನೇದು ಬಾಖ್ ಅಲ್ಲ, ಪೆಟ್ಸೋಲ್ಡ್ ಅಂತ. ನಮ್ಮ ಮಿಸ್ ಹೇಳಿದ್ರು" ಎಂದಳು.

ವಿಚಾರಿಸಿದಾಗ ಅವಳ ಮಾತೇ ನಿಜವಾಯಿತು. ಬಾಖನ ಮನೆಯಲ್ಲಿ ಅವನ ಹೆಂಡತಿ ಆನ್ನಾ ಮಾಗ್ದಲೇನಳಿಗಾಗಿ ೧೭೨೫ರಲ್ಲಿ ತೊಡಗಿದ ಒಂದು ಸಂಗೀತದ ಪುಸ್ತಕವಿತ್ತು. ಮನೆಯವರು ಮೆಚ್ಚಿದ ಪಾಠಗಳನ್ನು ಅದರಲ್ಲಿ ಬರೆದಿಡುತ್ತಿದ್ದರು. ಅದರೊಳಗಿನ ಈ ಪುಟ್ಟ ನೃತ್ಯಗತಿಯನ್ನು ಬಾಖನದೆಂದೇ ಲೋಕವು ಬಹುಕಾಲ ನಂಬಿತ್ತು. ೧೯೭೦ರ ದಶಕದಲ್ಲಿ ಅದು ಡ್ರೆಸ್ಡನ್ನಿನ ಕ್ರಿಸ್ಟಿಯನ್ ಪೆಟ್ಸೋಲ್ಡನದೆಂದು ಗೊತ್ತಾಯಿತು. ದೊಡ್ಡ ದೊಡ್ಡ ಪಂಡಿತರು ಎಡವಿದ ಕಡೆಯಲ್ಲಿಯೇ ನಾನೂ ಎಡವಿದೆನೆಂದು ಸಮಾಧಾನಪಟ್ಟುಕೊಂಡೆನು. ಮಗು ನನಗೆ ಅರ್ಧ ಅಂಕ ಕಳೆದು, "ಈಗ ಎಡಗೈ ಮಾತ್ರ ಕೇಳಿ ತಾತ" ಎಂದು ಅದನ್ನೇ ಮತ್ತೆ ನುಡಿಸತೊಡಗಿತು. ಊಟಕ್ಕೆ ಕರೆಯುವವರೆಗೂ ನಾವಿಬ್ಬರೂ ಅಲ್ಲಿಂದ ಏಳಲಿಲ್ಲ.

ವಸಂತತಿಲಕಕ್ಕೂ ಮಾಲಿನಿಗೂ ಭೇದವರಿಯದ ಆ ಹುಡುಗನು ಈಗ ಎಲ್ಲಿರುವನೋ ಕಾಣೆನು. ಅಂದು ನಾನು ಅವನನ್ನು ಗದರುವುದಕ್ಕೆ ಬದಲಾಗಿ ಎರಡು ಶ್ಲೋಕಗಳನ್ನೂ ನಿಧಾನವಾಗಿ ಇನ್ನೊಂದು ಸಲ ಹೇಳಿ ತೋರಿಸಬೇಕಾಗಿತ್ತು. ಮನೆಯಲ್ಲಿ ಮಕ್ಕಳು ನಮಗೆ ತಿಳಿಯದ ವಿದ್ಯೆಯೊಂದನ್ನು ನಮ್ಮ ಮುಂದೆ ತಂದಿಟ್ಟಾಗ "ಎಲ್ಲಾ ಒಂದೇ" ಎನ್ನದೆ, "ಇನ್ನೊಂದು ಸಲ" ಎಂದು ಕೇಳಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ.